ಪ್ರವಾಸ ಮುಗಿದ ಮೇಲೆ ಬರುವ ಬಿಲ್ಲು: ಕೋಣೆಯ ಟಾವೆಲ್ಲಿನ ಲೆಕ್ಕ



ದೀಪಾವಳಿಯ ರಜೆ, ಬೇಸಿಗೆಯ ರಜೆ ಬಂತೆಂದರೆ ನಮ್ಮ ಸಮಾಜದ ಮನೆಗಳಲ್ಲಿ ಈಗ ಎರಡು ಬಗೆಯ ಪ್ರಯಾಣದ ಮಾತು ನಡೆಯುತ್ತದೆ. ಒಂದು ಹಿರಿಯರ ಕ್ಷೇತ್ರಯಾತ್ರೆ: ಕುಂಥಲಗಿರಿ, ಶ್ರವಣಬೆಳಗೊಳ, ಸಮ್ಮೇದ ಶಿಖರಜಿ. ಇನ್ನೊಂದು ಮಕ್ಕಳು ಸೊಸೆಯಂದಿರ ವಿಹಾರ: ಗೋವಾ, ಸಿಂಗಪುರ, ಇತ್ತೀಚೆಗೆ ಹಡಗಿನ ಪ್ರವಾಸ ಕೂಡ. ಎರಡರಲ್ಲಿಯೂ ನಾವು ಪರರ ಕೋಣೆಯಲ್ಲಿ ಇಳಿಯುತ್ತೇವೆ. ಪರರ ಹಾಸಿಗೆ, ಪರರ ಚಾದರ, ಪರರ ಟಾವೆಲ್ ಬಳಸುತ್ತೇವೆ. ಬಾಡಿಗೆ ಕೊಟ್ಟು, ಕೀಲಿಕೈ ಒಪ್ಪಿಸಿ, ಊರಿಗೆ ಬರುತ್ತೇವೆ.

ಬಂದು ನಾಲ್ಕು ದಿನವಾದ ಮೇಲೆ ಮೊಬೈಲಿಗೆ ಒಂದು ಸಂದೇಶ ಬರುತ್ತದೆ. ನಿಮ್ಮ ಕಾರ್ಡಿನಿಂದ ಇಷ್ಟು ಸಾವಿರ ರೂಪಾಯಿ ಕಡಿತವಾಗಿದೆ. ಯಾಕೆ ಎಂದು ಕೇಳಿದರೆ ಉತ್ತರ: "ನಿಮ್ಮ ಕೋಣೆಯಲ್ಲಿ ಒಂದು ಸ್ನಾನದ ಅಂಗಿ, ಎರಡು ಟಾವೆಲ್ ಕಡಿಮೆ ಬಂದಿವೆ." ನಾವು ಒಯ್ದಿಲ್ಲ. ಆದರೆ ರೊಕ್ಕ ಹೋಗಿಬಿಟ್ಟಿದೆ. ಇಂಥ ಹೊತ್ತಿನಲ್ಲಿ ಏನು ಮಾಡಬೇಕು? ಈ ಪ್ರಶ್ನೆಯನ್ನು ಇತ್ತೀಚೆಗೆ ಪೇಟೆಯಲ್ಲಿ ಹಲವರು ನಮ್ಮ ಮುಂದೆ ಇಟ್ಟಿದ್ದಾರೆ. ನಮ್ಮದು ಮ್ಯಾಟ್ರಿಕ್ ತನಕದ ವಿದ್ಯೆ, ಕಾಯಿದೆಯ ಪಂಡಿತರು ನಾವಲ್ಲ. ಆದರೆ ನಲವತ್ತು ವರ್ಷ ಬಟ್ಟೆಯ ಅಂಗಡಿಯಲ್ಲಿ ಕಿರ್ದಿ ಖಾತೆ ಬರೆದ ಕೈ ನಮ್ಮದು. ವಕೀಲ ಮಿತ್ರರನ್ನು ಕೇಳಿ ತಿಳಿದುಕೊಂಡದ್ದನ್ನೂ ನಮ್ಮ ಅನುಭವವನ್ನೂ ಕೂಡಿಸಿ ಇಲ್ಲಿ ಬರೆಯುತ್ತೇವೆ.

ಹಡಗೂ ನಮ್ಮ ಊರೂ

ಹಡಗಿನ ಮಾತು ನಮಗೆ ಹೊಸತಲ್ಲ. ಸೊಲ್ಲಾಪುರದಲ್ಲಿ 1882ರಲ್ಲಿ ಹುಟ್ಟಿದ ನಮ್ಮವರೇ ಆದ ವಾಲಚಂದ ಹೀರಾಚಂದರು ಸಿಂಧಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯನ್ನು ಕಟ್ಟಿದವರಲ್ಲಿ ಒಬ್ಬರು. ಆ ಕಂಪನಿಯ 'ಲಾಯಲ್ಟಿ' ಎಂಬ ಹಡಗು 1919ರ ಏಪ್ರಿಲ್ 5ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನೇ ಇಂದಿಗೂ ರಾಷ್ಟ್ರೀಯ ನೌಕಾ ದಿನವೆಂದು ಆಚರಿಸುತ್ತಾರೆ. ಸಮುದ್ರವಿಲ್ಲದ ನಮ್ಮ ಊರಿನ ವ್ಯಾಪಾರಿಯೊಬ್ಬರು ಇಂಗ್ಲಿಷರ ಹಡಗುಗಳ ಎದುರು ಹಡಗು ಬಿಟ್ಟರು.

ಈಗ ಕಾಲ ಬೇರೆ. ಇತ್ತೀಚಿನ ವರ್ಷಗಳಲ್ಲಿ ಮುಂಬಯಿಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆಗೆ ವಿಹಾರದ ಹಡಗುಗಳು ಹೊರಡತೊಡಗಿದವು. ಜೈನ ಊಟವೂ ಸಿಗುತ್ತದೆಂದು ತಿಳಿದ ಮೇಲೆ ನಮ್ಮ ಮನೆತನಗಳೂ ಹೊರಟವು. ಹಡಗಿನ ವ್ಯವಹಾರದ ರೀತಿಯನ್ನು ಮೊದಲು ತಿಳಿದುಕೊಳ್ಳಬೇಕು. ಹಡಗು ಹತ್ತುವಾಗ ನಿಮ್ಮ ಕ್ರೆಡಿಟ್ ಕಾರ್ಡಿನ ನಂಬರು ತೆಗೆದುಕೊಳ್ಳುತ್ತಾರೆ, ಇಲ್ಲವೆ ನಗದು ಅನಾಮತು ಇಡಿಸಿಕೊಳ್ಳುತ್ತಾರೆ. ಬದಲಿಗೆ ಹಡಗಿನ ಒಂದು ಕಾರ್ಡು ಕೊಡುತ್ತಾರೆ. ಅದೇ ಕೋಣೆಯ ಕೀಲಿ, ಅದೇ ನಿಮ್ಮ ಖಾತೆಯ ಪುಸ್ತಕ. ಹಡಗಿನಲ್ಲಿ ಏನು ಕೊಂಡರೂ ಆ ಖಾತೆಗೆ ಬರೆಯುತ್ತಾರೆ. ಕೊನೆಯ ರಾತ್ರಿ ಬಿಲ್ಲು ಬರುತ್ತದೆ. ಮುಂಜಾನೆ ನೀವು ಇಳಿಯುತ್ತೀರಿ.

ಆದರೆ ಖಾತೆ ಅಲ್ಲಿಗೆ ಮುಚ್ಚುವುದಿಲ್ಲ. ನೀವು ಇಳಿದ ಮೇಲೆ ಕೋಣೆ ಸ್ವಚ್ಛ ಮಾಡುವಾಗ ಏನಾದರೂ ಕಮ್ಮಿ ಕಂಡರೆ ಅದನ್ನೂ ಅದೇ ಖಾತೆಗೆ ಹಚ್ಚುತ್ತಾರೆ. ನೀವು ಮೊದಲು ಸಹಿ ಮಾಡಿದ ಕಾಗದದಲ್ಲಿ ಇದಕ್ಕೆ ಒಪ್ಪಿಗೆ ಎಂದು ಸಣ್ಣ ಅಕ್ಷರದಲ್ಲಿ ಇರುತ್ತದೆ. ದೊಡ್ಡ ಹೋಟೆಲುಗಳಲ್ಲಿಯೂ ಇದೇ ಪದ್ಧತಿ. ಕಾರ್ಡು ನಿಮ್ಮ ಕಿಸೆಯಲ್ಲಿದ್ದರೂ ಅದರ ನಂಬರು ಅವರ ಪುಸ್ತಕದಲ್ಲಿರುತ್ತದೆ.

ರೊಕ್ಕಕ್ಕಿಂತ ಮಾನ ದೊಡ್ಡದು

"ಹೋಗಲಿ ಬಿಡಿ, ಎರಡು ಸಾವಿರಕ್ಕೆ ಯಾರು ಜಗಳಾಡುತ್ತಾರೆ" ಎಂದು ಹಲವರು ಸುಮ್ಮನಾಗುತ್ತಾರೆ. ನಾವು ಹಾಗೆ ಹೇಳುವುದಿಲ್ಲ. ಆ ಬಿಲ್ಲಿನ ಅರ್ಥವೇನು? ನೀವು ಅವರ ವಸ್ತು ಒಯ್ದಿದ್ದೀರಿ ಎಂದು. ಸುಮ್ಮನೆ ತುಂಬಿದರೆ ಒಪ್ಪಿಕೊಂಡಂತೆ. ನಮ್ಮ ಹಿರಿಯರು ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದರು. ಪೇಟೆಯಲ್ಲಿ ಬರಿ ಮಾತಿನ ಮೇಲೆ ಲಕ್ಷ ರೂಪಾಯಿಯ ಮಾಲು ಉದ್ರಿ ತರುವವರು ನಾವು. ನಮ್ಮ ಬಂಡವಾಳವೇ ಪತ. ಅಂಥವರ ಮನೆಯ ಹೆಸರಿನ ಮುಂದೆ 'ಟಾವೆಲ್ ಕಮ್ಮಿ' ಎಂದು ಯಾರೋ ಗುಮಾಸ್ತ ಬರೆದರೆ, ಅದು ಸರಿಯೋ ತಪ್ಪೋ ಎಂದು ನೋಡದೆ ಬಿಡಬಾರದು.

ಹಾಗೆಂದು ಕೂಗಾಡಲೂ ಬಾರದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಮಾತಿದೆಯಲ್ಲ. ಬಹಳ ಕೂಗಿದವರ ಮೇಲೆಯೇ ಜನ ಸಂಶಯ ಪಡುತ್ತಾರೆ. ಇದಕ್ಕೆ ಮದ್ದು ವ್ಯಾಪಾರಿಯ ಹಳೆಯ ಮದ್ದೇ: ಲೆಕ್ಕ ಕೇಳುವುದು.

ಎರಡು ಎಣಿಕೆಯ ನ್ಯಾಯ

ನಮ್ಮ ಮಂಗಲ ಕಾರ್ಯಾಲಯಗಳನ್ನು ನೋಡಿರಿ. ಲಗ್ನಕ್ಕೆ ಭಾಂಡೆ ಬಾಡಿಗೆಗೆ ತಂದರೆ ಮೊದಲ ಕೆಲಸ ಎಣಿಕೆ. ತಾಟು ಐದುನೂರು, ಬಟ್ಟಲು ಒಂದು ಸಾವಿರ, ತಂಬಿಗೆ ಐವತ್ತು, ಪರಾತ ಹತ್ತು ಎಂದು ಪಟ್ಟಿ ಬರೆದು, ನಮ್ಮ ಕಡೆಯ ಒಬ್ಬ ಹುಡುಗನನ್ನು ನಿಲ್ಲಿಸಿ ಎಣಿಸಿ, ಸಹಿ ಮಾಡಿಸಿಕೊಳ್ಳುತ್ತಾರೆ. ಲಗ್ನ ಮುಗಿದ ಮೇಲೆ ಅದೇ ಪಟ್ಟಿ ಹಿಡಿದು, ಇಬ್ಬರ ಎದುರು ಮತ್ತೆ ಎಣಿಸುತ್ತಾರೆ. ಏಳು ಬಟ್ಟಲು ಕಮ್ಮಿ ಬಂದರೆ ಏಳು ಬಟ್ಟಲಿನ ರೊಕ್ಕ ಕೊಡುತ್ತೇವೆ. ಯಾರಿಗೂ ಬೇಸರವಿಲ್ಲ. ಯಾಕೆ? ಎಣಿಕೆ ಎರಡು ಸಲ ಆಯಿತು, ಎರಡೂ ಸಲ ಇಬ್ಬರೂ ಇದ್ದರು.

ಹೋಟೆಲಿನಲ್ಲಿ, ಹಡಗಿನಲ್ಲಿ ಆಗುವುದೇನು? ಎಣಿಕೆ ಒಂದೇ ಸಲ, ಅದೂ ನಾವು ಹೋದ ಮೇಲೆ, ಅವರೊಬ್ಬರೇ. ನಾವು ಬಂದಾಗ ಕೋಣೆಯಲ್ಲಿ ನಿಜವಾಗಿ ಎಷ್ಟಿತ್ತು ಎಂಬುದಕ್ಕೆ ಇಬ್ಬರೂ ಒಪ್ಪಿದ ಕಾಗದವಿಲ್ಲ. ಆರಂಭದ ಶಿಲ್ಕು ಬರೆಯದೆ ಆಖೈರು ಶಿಲ್ಕು ತೆಗೆದು "ಇಷ್ಟು ಖೋತಾ" ಎಂದರೆ ನಮ್ಮ ಅಂಗಡಿಯ ಗುಮಾಸ್ತನ ಲೆಕ್ಕವನ್ನು ನಾವು ಒಪ್ಪುತ್ತೇವೆಯೆ? ಇಲ್ಲ. ಹಾಗಾದರೆ ಇದನ್ನೂ ಕೇಳಬೇಕು. ಕೊರತೆ ಎಂದವರು ಮೂರು ಸಂಗತಿ ತೋರಿಸಬೇಕು: ಬಂದಾಗ ಎಷ್ಟಿತ್ತು, ಹೋದಾಗ ಎಷ್ಟಿತ್ತು, ಬೆಲೆ ಹೇಗೆ ಹಚ್ಚಿದರು. ಈ ಮೂರು ಪ್ರಶ್ನೆಗಳೇ ನಮ್ಮ ಲೇಖನದ ಸಾರ.

ಅಕ್ಕಲಕೋಟದಲ್ಲಿ ನಡೆದದ್ದು

ನಮ್ಮ ಬಳಗಕ್ಕೆ ಬಂದ ಒಂದು ಪ್ರಸಂಗ ಹೇಳುತ್ತೇವೆ. ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಸುಮಾರು ನಲವತ್ತು ಕಿಲೋಮೀಟರು. ಶ್ರೀ ಸ್ವಾಮಿ ಸಮರ್ಥರು 1878ರಲ್ಲಿ ಸಮಾಧಿಸ್ಥರಾದ ಊರು ಅದು. ಗುರುವಾರ, ಹುಣ್ಣಿಮೆ ಬಂದರೆ ಮಹಾರಾಷ್ಟ್ರ ಕರ್ನಾಟಕ ಎರಡೂ ಕಡೆಯ ಜನ ತುಂಬಿ ಹರಿಯುತ್ತದೆ. ಲಾಜುಗಳಲ್ಲಿ ಒಂದು ಬಳಗ ಇಳಿಯುವ ಮೊದಲೇ ಇನ್ನೊಂದು ಬಳಗ ಬಾಗಿಲಲ್ಲಿ ನಿಂತಿರುತ್ತದೆ.

ಬೀಗರ ಮನೆಯ ಲಗ್ನಕ್ಕೆ ನಾವು ಅಲ್ಲಿಗೆ ಹೋದಾಗ ಒಂದು ಲಾಜಿನಲ್ಲಿ ನಾಲ್ಕು ಕೋಣೆ ಹಿಡಿದಿದ್ದೆವು. ಎರಡು ಸಾವಿರ ಅನಾಮತು ಇಟ್ಟಿದ್ದೆವು. ಹೊರಡುವ ಹೊತ್ತಿಗೆ ಮ್ಯಾನೇಜರ್ ಹೇಳಿದ: "ಅಣ್ಣಾರ, ಮೂರನೇ ಕೋಣ್ಯಾಗ ಒಂದು ಚಾದರ, ಎರಡು ಟಾವೆಲ್ ಕಮ್ಮಿ ಬಂದಾವ್ರಿ. ಹನ್ನೆರಡುನೂರು ಹಿಡಕೊಂಡು ಉಳಿದಿದ್ದು ಕೊಡ್ತೀನ್ರಿ."

ಮೂರನೇ ಕೋಣೆಯಲ್ಲಿ ಇಳಿದವರು ನಮ್ಮ ಅತ್ತಿಗೆಯವರು, ಎಪ್ಪತ್ತು ದಾಟಿದ ವ್ರತಸ್ಥ ಹೆಣ್ಣುಮಗಳು, ಸೊಸೆ ಮೊಮ್ಮಗನ ಜೊತೆ. ಜನರ ಎದುರು ಈ ಮಾತು ಕೇಳಿದ ಕೂಡಲೇ ಅವರ ಮುಖ ಕಪ್ಪಿಟ್ಟಿತು. "ನನ್ನ ಚೀಲ ಬಿಚ್ಚಿ ನೋಡಪಾ" ಎಂದು ನೆಲದ ಮೇಲೆ ಕೂತು ಚೀಲದ ಗಂಟು ಬಿಚ್ಚತೊಡಗಿದರು. ತಮ್ಮನ ಮಗ ಕಿಸೆಗೆ ಕೈ ಹಾಕಿ, "ಹೋಗ್ಲಿ ಬಿಡ್ರಿ ಕಾಕಾ, ಗಾಡಿಗೆ ಹೊತ್ತಾತು, ಕೊಟ್ಟು ಹೋಗೋಣು" ಎಂದ.

ನಾವು ಅತ್ತಿಗೆಯವರ ಕೈ ಹಿಡಿದು ನಿಲ್ಲಿಸಿದೆವು. "ವೈನಿ, ನೀವು ಚೀಲ ಬಿಚ್ಚಬ್ಯಾಡ್ರಿ. ಮೊದಲು ಅವರು ಪುಸ್ತಕ ಬಿಚ್ಚಲಿ." ಮ್ಯಾನೇಜರಿಗೂ ಶಾಂತವಾಗಿಯೇ ಹೇಳಿದೆವು: "ತಮ್ಮಾ, ಕಮ್ಮಿ ಬಂದಿದ್ರ ರೊಕ್ಕ ಕೊಟ್ಟೇ ಹೋಗ್ತೀವಿ. ಮೂರನೇ ಕೋಣ್ಯಾಗ ನಿನ್ನೆ ಏನೇನ್ ಹಾಕಿದ್ರಿ, ಅದರ ಪಟ್ಟಿ ತೋರಿಸು."

ಪಟ್ಟಿ ಇರಲಿಲ್ಲ. "ಎಲ್ಲಾ ಕೋಣ್ಯಾಗೂ ಎರಡು ಚಾದರ, ನಾಲ್ಕು ಟಾವೆಲ್ ಇರ್ತಾವ್ರಿ" ಎಂದ. ಅಗಸರಿಗೆ ಒಗೆಯಲು ಹಾಕಿದ ಬಟ್ಟೆಯ ಪುಸ್ತಕ ಕೇಳಿದೆವು. ಅದು ಇತ್ತು. ಹಿಂದಿನ ದಿನದ ಪುಟದಲ್ಲಿ 'ಮೂರು ನಂಬರು, ಚಾದರ 1, ಟಾವೆಲ್ 2' ಎಂದು ಬರೆದಿತ್ತು. ಆಗ ಕೋಣೆಯ ಹುಡುಗನಿಗೆ ನೆನಪಾಯಿತು. ಮಧ್ಯಾಹ್ನ ಕೂಸು ಹಾಲು ಚೆಲ್ಲಿತ್ತು, ಅವನೇ ಬಂದು ಚಾದರ ಟಾವೆಲ್ ಒಯ್ದಿದ್ದ. ಗದ್ದಲದಲ್ಲಿ ಬದಲಿ ತಂದು ಹಾಕಿರಲಿಲ್ಲ. ಕೊರತೆ ಇದ್ದದ್ದು ಪುಸ್ತಕದಲ್ಲಿ, ಅತ್ತಿಗೆಯವರ ಚೀಲದಲ್ಲಿ ಅಲ್ಲ.

ಮ್ಯಾನೇಜರ್ ಎದ್ದು ನಿಂತು ಕೈ ಮುಗಿದ, ಪೂರ್ತಿ ಎರಡು ಸಾವಿರ ಮರಳಿ ಕೊಟ್ಟ. ಅವನು ಮೋಸಗಾರನಲ್ಲ. ಒಂದು ದಿನಕ್ಕೆ ಮೂವತ್ತು ಕೋಣೆ ಖಾಲಿಯಾಗಿ ಮೂವತ್ತು ಕೋಣೆ ತುಂಬುವ ಜಾಗದಲ್ಲಿ ಎಣಿಕೆ ತಪ್ಪುವುದು ಸಹಜ. ಆದರೆ ಹನ್ನೆರಡುನೂರು ಕೊಟ್ಟು ಗಾಡಿ ಹತ್ತಿದ್ದರೆ ಅತ್ತಿಗೆಯವರ ಮನಸ್ಸಿನಲ್ಲಿ ಆ ಮುಳ್ಳು ಕೊನೆಯ ತನಕ ಉಳಿಯುತ್ತಿತ್ತು. ಸಾವಿರ ಕೋಣೆಗಳಿರುವ ಹಡಗಿನಲ್ಲಿ, ಕೆಲವೇ ಗಂಟೆಗಳಲ್ಲಿ ಹಳಬರು ಇಳಿದು ಹೊಸಬರು ಹತ್ತುವಾಗ ಇಂಥ ತಪ್ಪು ಎಷ್ಟು ಸುಲಭವೆಂದು ವಾಚಕರೇ ಯೋಚಿಸಿರಿ.

ಬೆಲೆಯ ಪ್ರಶ್ನೆ

ಇನ್ನು ಮೂರನೆಯ ಪ್ರಶ್ನೆ, ಬೆಲೆ. ಇದನ್ನು ಸೊಲ್ಲಾಪುರದವರಿಗೆ ಯಾರೂ ಕಲಿಸಬೇಕಾಗಿಲ್ಲ. ನಮ್ಮ ಊರಿನ ಚಾದರಕ್ಕೂ ಟೆರಿ ಟಾವೆಲ್ಲಿಗೂ ಸರಕಾರದ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಟಾವೆಲ್ಲಿನ ಬೆಲೆ ಅಳತೆ, ತೂಕ, ನೂಲು ನೋಡಿ ತಿಳಿಯುತ್ತದೆ. ಎಪ್ಪತ್ತೈದು ಸೆಂಟಿಮೀಟರು ಅಗಲ, ಒಂದೂವರೆ ಮೀಟರು ಉದ್ದದ ಸ್ನಾನದ ಟಾವೆಲ್ ಎಂದರೆ 1.125 ಚದರ ಮೀಟರು. ಚದರ ಮೀಟರಿಗೆ 400 ಗ್ರಾಂ ನೇಯ್ಗೆಯಾದರೆ ಅದರ ತೂಕ 450 ಗ್ರಾಂ. ಇಷ್ಟು ತಿಳಿದರೆ ಪೇಟೆಯ ಯಾವ ಅಂಗಡಿಯವನೂ ಬೆಲೆ ಹೇಳುತ್ತಾನೆ. ಆದರೆ ಕೋಣೆಯ ಗೋಡೆಗೆ ಹಚ್ಚಿದ ದರಪಟ್ಟಿಯಲ್ಲಿ ಅದೇ ಟಾವೆಲ್ಲಿಗೆ ಮೂರು ಪಟ್ಟು, ನಾಲ್ಕು ಪಟ್ಟು ಬರೆದದ್ದನ್ನು ನಾವು ನೋಡಿದ್ದೇವೆ.

ಮೇಲಾಗಿ ಅದು ಹೊಸ ಟಾವೆಲ್ ಅಲ್ಲ. ನೂರು ಸಲ ಒಗೆದದ್ದು. ನಮ್ಮ ಅಂಗಡಿಯ ಪಂಖ, ಕಪಾಟಿಗೆ ವರ್ಷ ವರ್ಷ ಸವಕಳಿ ಹಿಡಿಯುತ್ತೇವಲ್ಲವೆ? ಹಾಗೆಯೇ ಇಲ್ಲಿ. ಉದಾಹರಣೆಗೆ, ಹೊಸದರ ಬೆಲೆ 300 ರೂಪಾಯಿ, ಬಾಳಿಕೆ ಎರಡು ವರ್ಷ, ಒಂದು ವರ್ಷ ಬಳಸಿದ್ದಾರೆ ಎಂದರೆ ನ್ಯಾಯವಾದ ನಷ್ಟ 150 ರೂಪಾಯಿ. ಅದಕ್ಕೆ 900 ಹಚ್ಚುವುದು ನಷ್ಟಭರ್ತಿಯಲ್ಲ, ಹೊಸ ವ್ಯಾಪಾರ.

ಕಾಯಿದೆಯೂ ಇದನ್ನೇ ಹೇಳುತ್ತದೆ. 1872ರ ಕರಾರು ಕಾಯಿದೆಯ 74ನೆಯ ಕಲಮಿನ ಪ್ರಕಾರ, ಕರಾರು ಮುರಿದರೆ ಇಷ್ಟು ದಂಡ ಎಂದು ಮೊದಲೇ ಬರೆದಿದ್ದರೂ ಸಿಗುವುದು ಯೋಗ್ಯ ಪರಿಹಾರ ಮಾತ್ರ. ಬರೆದ ಮೊತ್ತ ಅದರ ಮೇಲಿನ ಮಿತಿ. 2015ರಲ್ಲಿ ಕೈಲಾಸನಾಥ ಅಸೋಸಿಯೇಟ್ಸ್ ಮತ್ತು ದಿಲ್ಲಿ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನಷ್ಟವೇ ಆಗದಿದ್ದರೆ ಈ ಕಲಮಿನ ಕೆಳಗೆ ಪರಿಹಾರವಿಲ್ಲ ಎಂದು ತಿಳಿಸಿತು. ಆ ವ್ಯಾಜ್ಯ ಜಮೀನಿನ ಅನಾಮತಿನದು, ಮೊತ್ತ ಲಕ್ಷಗಳದು. ಆದರೆ ಕಲಮು ಅದೇ.

ತೆರಿಗೆಯ ಮಾತೂ ಇದೆ. ಕಳೆದ ವಸ್ತುವಿನ ರೊಕ್ಕದ ಮೇಲೆ ಜಿ.ಎಸ್.ಟಿ. ಹಚ್ಚಿದ್ದರೆ ಕೇಳಿರಿ. ಬರೇ ನಷ್ಟ ತುಂಬಿಕೊಡುವ ಹಣವು ಮಾರಾಟವೂ ಅಲ್ಲ, ಸೇವೆಯೂ ಅಲ್ಲ ಎಂದು ಕೇಂದ್ರ ತೆರಿಗೆ ಮಂಡಳಿ 2022ರ ಆಗಸ್ಟ್ 3ರ ಸುತ್ತೋಲೆಯಲ್ಲಿ ತಿಳಿಸಿದೆ. ಇಲ್ಲ, ನಮಗೆ ಮಾರಿದ್ದೇವೆ ಎಂದು ಅವರು ಹೇಳುವುದಾದರೆ, ಮಾರಿದ ಮಾಲು ಎಲ್ಲಿ?

ಅವರ ಕಡೆಯ ನ್ಯಾಯ

ನಾವು ಅಂಗಡಿಯವರು, ಆದ್ದರಿಂದ ಆ ಕಡೆಯ ಮಾತನ್ನೂ ಹೇಳಲೇಬೇಕು. ಒಯ್ಯುವವರು ಇದ್ದಾರೆ. ಪಶ್ಚಿಮ ರೈಲ್ವೆಯ 2017-18ರ ಲೆಕ್ಕ ಪತ್ರಿಕೆಗಳಲ್ಲಿ ಬಂದಿತ್ತು. ಒಂದೇ ವರ್ಷದಲ್ಲಿ ಸುಮಾರು 1.95 ಲಕ್ಷ ಟಾವೆಲ್, 81 ಸಾವಿರಕ್ಕೂ ಮಿಕ್ಕಿದ ಹಾಸಿಗೆ ಚಾದರ, 7 ಸಾವಿರದ ಮೇಲೆ ಕಂಬಳಿ ಮಾಯವಾಗಿದ್ದವು. ಎ.ಸಿ. ಡಬ್ಬಿಯಲ್ಲಿ ಹೋಗುವವರು ಬಡವರಲ್ಲ. ಎಷ್ಟೋ ಕಡೆ ಈ ಕೊರತೆಯ ರೊಕ್ಕ ಕೊನೆಗೆ ಬೀಳುವುದು ಚಾದರ ಹಂಚುವ ಬಡ ಹುಡುಗನ ಸಂಬಳದ ಮೇಲೆ.

ಅಚೌರ್ಯ ಅಣುವ್ರತವನ್ನು ನಾವೆಲ್ಲ ಬಲ್ಲೆವು. ಕೊಡದಿದ್ದುದನ್ನು ತೆಗೆದುಕೊಳ್ಳಬಾರದು. ಅದರ ಅತಿಚಾರಗಳಲ್ಲಿ ತೂಕ ಅಳತೆಯಲ್ಲಿ ಹೆಚ್ಚು ಕಡಿಮೆ ಮಾಡುವುದೂ ಒಂದು. ಹೋಟೆಲಿನ ಟಾವೆಲ್ ಚೀಲಕ್ಕೆ ಹಾಕಿದವನಿಗೂ, ನೂರೈವತ್ತರ ಟಾವೆಲ್ಲಿಗೆ ಒಂಬೈನೂರು ಬರೆದವನಿಗೂ ಅದು ಒಂದೇ ಅಳತೆಯಲ್ಲಿ ತಾಗುತ್ತದೆ. ಆದ್ದರಿಂದ ದೂರು ಬರೆಯುವ ಮೊದಲು ಮನೆಯ ಎಲ್ಲ ಚೀಲ ನೋಡಿರಿ. ಒದ್ದೆ ಬಟ್ಟೆಯ ಗಂಟಿನಲ್ಲಿ, ಮಕ್ಕಳ ಆಟಿಗೆಯ ನಡುವೆ ಅವರ ಟಾವೆಲ್ ಬಂದಿದ್ದರೆ ಅಂದೇ ತಿಳಿಸಿ, ಅಂಚೆಯಲ್ಲಿ ಕಳಿಸಿರಿ ಇಲ್ಲವೆ ನ್ಯಾಯವಾದ ಬೆಲೆ ಕೊಡಿರಿ. ಸಾಬೂನು, ಬಾಚಣಿಕೆ, ಶಾಂಪೂ ಒಯ್ಯಲು ಅಡ್ಡಿಯಿಲ್ಲ. ಅವು ಒಮ್ಮೆ ಬಳಸಲು ಇಟ್ಟವು. ನಿಲುವಂಗಿ, ಟಾವೆಲ್, ಕೂದಲು ಒಣಗಿಸುವ ಯಂತ್ರ ಒಯ್ಯುವಂತಿಲ್ಲ. ಇದನ್ನು ಮಕ್ಕಳಿಗೆ ಹೊರಡುವ ಮೊದಲೇ ಹೇಳಬೇಕು.

ಹೋಗುವಾಗ, ಬರುವಾಗ

ವ್ಯಾಜ್ಯ ಗೆಲ್ಲುವುದಕ್ಕಿಂತ ವ್ಯಾಜ್ಯ ಆಗದಂತೆ ನೋಡುವುದು ಲಾಭ. ಮನೆಯ ಹೆಣ್ಣುಮಕ್ಕಳು ಇದನ್ನು ಗಂಡಸರಿಗಿಂತ ಚೆನ್ನಾಗಿ ಮಾಡಬಲ್ಲರು.

ಮೊದಲನೆಯದು, ಕೋಣೆಗೆ ಹೋದ ಕೂಡಲೇ ಚೀಲ ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಹಾಸಿಗೆ, ಕಪಾಟು, ಸ್ನಾನದ ಮನೆ, ಫ್ರಿಜ್, ನಾಲ್ಕು ಫೋಟೋ ಸಾಕು. ಅದೇ ನಿಮ್ಮ ಆರಂಭದ ಶಿಲ್ಕು. ಪಟ್ಟಿಯಲ್ಲಿ ಬರೆದ ವಸ್ತು ಇಲ್ಲದಿದ್ದರೆ ಆಗಲೇ ಕೌಂಟರಿಗೆ ತಿಳಿಸಿರಿ.

ಎರಡನೆಯದು, ಕೋಣೆಯ ಫ್ರಿಜ್ಜಿನಲ್ಲಿ ಇಟ್ಟ ಬಾಟಲಿಗಳನ್ನು ತೆಗೆಸಿಬಿಡಿರಿ. ಅಲ್ಲಿ ಬಹುತೇಕ ನಮಗೆ ಬೇಡವಾದ ಪೇಯಗಳೇ. ಕೆಲವು ದೊಡ್ಡ ಹೋಟೆಲುಗಳಲ್ಲಿ ಬಾಟಲಿಯನ್ನು ಜಾಗದಿಂದ ಎತ್ತಿದರೆ ಸಾಕು, ಯಂತ್ರ ತಾನಾಗಿಯೇ ಬಿಲ್ಲು ಬರೆಯುತ್ತದೆ. ಮುಟ್ಟದ ವಸ್ತುವಿಗೆ ರೊಕ್ಕ ಕೊಡುವ ಪ್ರಸಂಗ ಬೇಡ.

ಮೂರನೆಯದು, ಹಡಗಿನಲ್ಲಿ ಕೊನೆಯ ರಾತ್ರಿಯ ಬಿಲ್ಲನ್ನು ನಿದ್ದೆಗಣ್ಣಿನಲ್ಲಿ ಬಿಡಬೇಡಿರಿ. ಒಂದೊಂದು ಸಾಲು ಓದಿರಿ. ತಪ್ಪಿದ್ದರೆ ರಾತ್ರಿಯೇ ಹೋಗಿ ಹೇಳಿರಿ. ಮುಂಜಾನೆ ಅಲ್ಲಿ ಉದ್ದನೆಯ ಸಾಲು ಇರುತ್ತದೆ.

ನಾಲ್ಕನೆಯದು, ಹೊರಡುವಾಗ ಮತ್ತೆ ನಾಲ್ಕು ಫೋಟೋ. ಆದರೆ ಕೋಣೆಯ ಹುಡುಗನನ್ನು ಕರೆದು "ನೋಡಪಾ, ಎಲ್ಲಾ ಸರಿ ಐತಿ?" ಎಂದು ಕೇಳಿರಿ. ಅನಾಮತು ಇಟ್ಟಿದ್ದರೆ ಪಾವತಿ ಚೀಟಿ ಕಾಯ್ದಿಡಿರಿ. ಚೀಟಿ ಕೇಳಿದರೂ ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಅನುಚಿತ ವ್ಯಾಪಾರ ಪದ್ಧತಿಯೆಂದೇ ಎಣಿಸಿದೆ.

ಬಿಲ್ಲು ಬಂದ ಮೇಲೆ

ಇಷ್ಟೆಲ್ಲ ಮಾಡಿಯೂ ಬಿಲ್ಲು ಬಂದರೆ ಫೋನಿನಲ್ಲಿ ಜಗಳ ಬೇಡ. ಕಾಗದದಲ್ಲಿ ಅಥವಾ ಈ-ಮೇಲಿನಲ್ಲಿ, ಎರಡು ಮೂರು ದಿನದೊಳಗೆ, ಚಿಕ್ಕದಾಗಿ ಬರೆಯಿರಿ. ಒಕ್ಕಣೆ ಹೀಗಿರಲಿ:

"ನಾವು ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ತಮ್ಮ ಇಂಥ ನಂಬರಿನ ಕೋಣೆಯಲ್ಲಿ ಇದ್ದೆವು. ನಾವು ಹೊರಟ ಮೇಲೆ ನಮ್ಮ ಕಾರ್ಡಿನಿಂದ ಇಷ್ಟು ರೂಪಾಯಿ ಕಡಿದಿದ್ದೀರಿ. ತಾವು ಹೇಳುವ ವಸ್ತುಗಳನ್ನು ನಾವು ಒಯ್ದಿಲ್ಲ. ನಮ್ಮ ಎಲ್ಲ ಚೀಲ ನೋಡಿಕೊಂಡೇ ಇದನ್ನು ಬರೆಯುತ್ತಿದ್ದೇವೆ. ನಾವು ಬಂದ ದಿನ ಕೋಣೆಯಲ್ಲಿದ್ದ ವಸ್ತುಗಳ ಪಟ್ಟಿ, ನಾವು ಹೊರಟ ಮೇಲೆ ಎಣಿಸಿದವರ ಹೆಸರು ಮತ್ತು ಹೊತ್ತು, ಒಗೆಯಲು ಹಾಕಿದ ಬಟ್ಟೆಯ ಆ ದಿನಗಳ ಲೆಕ್ಕ, ವಸ್ತುವಿನ ಖರೀದಿಯ ಬೆಲೆ, ಇಷ್ಟನ್ನು ಕಳಿಸಬೇಕು. ಇಲ್ಲದಿದ್ದರೆ ಹದಿನೈದು ದಿನದೊಳಗೆ ಹಣ ಮರಳಿಸಬೇಕು. ಫೋಟೋಗಳನ್ನು ಜೊತೆಗೆ ಲಗತ್ತಿಸಿದ್ದೇವೆ."

ಇದರಲ್ಲಿ ಬೈಗುಳವಿಲ್ಲ, ಬೆದರಿಕೆಯಿಲ್ಲ. ಅವರ ಮೇಲಧಿಕಾರಿ ಓದಿದರೆ ಪಟ್ಟಿ ಹುಡುಕಬೇಕಾಗುತ್ತದೆ. ಪಟ್ಟಿ ಇಲ್ಲದಿದ್ದರೆ ಹಣ ಮರಳಿಸುವುದೇ ಅವರಿಗೆ ಸುಲಭ.

ಅದೇ ದಿನ ನಿಮ್ಮ ಬ್ಯಾಂಕಿಗೂ ಬರೆಯಿರಿ. ಕ್ರೆಡಿಟ್ ಕಾರ್ಡಿನ ಬಿಲ್ಲಿಗೆ ಗಿರಾಕಿ ತಕರಾರು ಮಾಡಿದರೆ, ದೂರು ಬಂದ 30 ದಿನದೊಳಗೆ ಬ್ಯಾಂಕು ವಿವರಣೆ ಮತ್ತು ಅಗತ್ಯವಿದ್ದಲ್ಲಿ ದಾಖಲೆ ಕೊಡಬೇಕೆಂದು ರಿಜರ್ವ್ ಬ್ಯಾಂಕು 2022ರ ನಿರ್ದೇಶನದಲ್ಲಿ ಹೇಳಿದೆ. ತಕರಾರು ಇಲ್ಲದ ಉಳಿದ ಮೊತ್ತವನ್ನು ಮಾತ್ರ ಗಡುವಿಗೆ ತುಂಬಿಬಿಡಿರಿ. ಡೆಬಿಟ್ ಕಾರ್ಡಾದರೆ ರೊಕ್ಕ ಮೊದಲೇ ಖಾತೆಯಿಂದ ಹೋಗಿರುತ್ತದೆ, ತಿರುಗಿ ತರುವುದು ಹೆಚ್ಚು ಕಷ್ಟ. ಆದ್ದರಿಂದ ಹೋಟೆಲು ಹಡಗುಗಳಿಗೆ ಡೆಬಿಟ್ ಕಾರ್ಡು ಕೊಡದಿರುವುದು ಒಳಿತು.

ಗ್ರಾಹಕ ಆಯೋಗದ ದಾರಿ

ಕಾಗದಕ್ಕೆ ಉತ್ತರ ಬಾರದಿದ್ದರೆ 1915 ನಂಬರಿನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನು ಮಾಡಿರಿ. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಮಾತಾಡುತ್ತಾರೆ. ಎಷ್ಟೋ ಚಿಕ್ಕ ತಕರಾರುಗಳು ಅಲ್ಲಿಯೇ ಮುಗಿಯುತ್ತವೆ.

ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಅಕ್ಕಲಕೋಟದವರಿಗೂ ಅದು ಸೊಲ್ಲಾಪುರದಲ್ಲಿಯೇ ಇದೆ. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂದಿಲ್ಲ, ನೀವೇ ಹೇಳಿಕೊಳ್ಳಬಹುದು. ಘಟನೆ ನಡೆದ ಎರಡು ವರ್ಷದೊಳಗೆ ದೂರು ಕೊಡಬೇಕು. 2025ರಿಂದ 'ಈ-ಜಾಗೃತಿ' ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಮನೆಯಿಂದಲೇ ದೂರು ಸಲ್ಲಿಸುವ ಅನುಕೂಲವಿದೆ. ಮೂರು ತಿಂಗಳಲ್ಲಿ ತೀರ್ಪಾಗಬೇಕೆಂದು ಕಾಯಿದೆ ಹೇಳುತ್ತದೆ. ನಿಜದಲ್ಲಿ ಹೆಚ್ಚು ಹಿಡಿಯುತ್ತದೆ, ತಾಳ್ಮೆ ಇರಲಿ.

1986ರ ಹಳೆಯ ಕಾಯಿದೆಯಲ್ಲಿ ಎದುರು ಪಕ್ಷದವರ ಊರಿಗೆ ಇಲ್ಲವೆ ಘಟನೆ ನಡೆದ ಊರಿಗೆ ಹೋಗಿ ದೂರು ಕೊಡಬೇಕಾಗಿತ್ತು. ಮುಂಬಯಿಯಲ್ಲಿ ಮೋಸವಾದರೆ ಮುಂಬಯಿಗೆ ಅಲೆದಾಟ. 2019ರ ಕಾಯಿದೆ 2020ರ ಜುಲೈ 20ರಿಂದ ಜಾರಿಗೆ ಬಂದ ಮೇಲೆ, ದೂರುದಾರನು ವಾಸಿಸುವ ಊರಿನ ಆಯೋಗದಲ್ಲಿಯೂ ದೂರು ಕೊಡಬಹುದು. ನಮ್ಮಂಥ ಗಡಿನಾಡಿನವರಿಗೆ ಇದು ದೊಡ್ಡ ಉಪಕಾರ. ಹಡಗು ಎಲ್ಲಿಯೇ ಹೋಗಲಿ, ನಾವು ಸೊಲ್ಲಾಪುರದಲ್ಲಿ ನಿಂತು ಕೇಳಬಹುದು.

ಆದರೆ ವಿದೇಶದ ಕಂಪನಿಯ ಹಡಗಾದರೆ ಟಿಕೀಟಿನ ಕರಾರು ಮೊದಲೇ ಓದಿರಿ. ಅಮೇರಿಕೆಯಲ್ಲಿ 1991ರಲ್ಲಿ ಒಂದು ಪ್ರಸಿದ್ಧ ತೀರ್ಪು ಬಂತು. ವಾಶಿಂಗ್ಟನ್ ರಾಜ್ಯದ ಗಂಡ ಹೆಂಡತಿ ಲಾಸ್ ಏಂಜಲೀಸಿನಿಂದ ಕಾರ್ನಿವಲ್ ಕಂಪನಿಯ ಹಡಗು ಹತ್ತಿದ್ದರು. ಹೆಂಡತಿ ಹಡಗಿನಲ್ಲಿ ಜಾರಿ ಬಿದ್ದರು. ತಮ್ಮ ಊರಿನ ಕೋರ್ಟಿನಲ್ಲಿ ದಾವೆ ಹಾಕಿದಾಗ, ವ್ಯಾಜ್ಯವೇನಿದ್ದರೂ ಫ್ಲೋರಿಡಾದಲ್ಲಿಯೇ ಎಂದು ಟಿಕೀಟಿನ ಮೇಲೆ ಮುದ್ರಿಸಿದ್ದನ್ನು ಅಲ್ಲಿನ ಸುಪ್ರೀಂ ಕೋರ್ಟು ಎತ್ತಿ ಹಿಡಿಯಿತು. ಅವರ ಮನೆಯಿಂದ ಫ್ಲೋರಿಡಾ ದೇಶದ ಇನ್ನೊಂದು ತುದಿ. ಸಣ್ಣ ಅಕ್ಷರದ ಬೆಲೆ ಅಷ್ಟು. ಅದಕ್ಕೆಂದೇ ಭಾರತದಲ್ಲಿ ಕಚೇರಿ ಇರುವ ಏಜಂಟರಿಂದ ಟಿಕೀಟು ತೆಗೆಸಿ, ಅವರ ಹೆಸರಿನ ಪಾವತಿ ಕಾಯ್ದಿಡುವುದು ಜಾಣತನ.

ಇನ್ನೊಂದು ಎಚ್ಚರಿಕೆ. ಕ್ಷೇತ್ರಗಳ ಧರ್ಮಶಾಲೆಗಳನ್ನು ಹೋಟೆಲಿನಂತೆ ನೋಡಬಾರದು. ಅಲ್ಲಿ ನಾವು ಕೊಡುವುದು ಬಹುತೇಕ ದಾನ. ಅಲ್ಲಿ ತಕರಾರು ಬಂದರೆ ವಿಶ್ವಸ್ತರ ಬಳಿ ಕೂತು ಮಾತಾಡಿ ಬಗೆಹರಿಸಬೇಕು. ಅಲ್ಲಿಯ ಒಂದು ಗೋಣಿಚಾಪೆ ಕಮ್ಮಿ ಬಂದರೂ ಎರಡು ಕೊಟ್ಟು ಬರಬೇಕು. ನಮ್ಮ ಸಮಾಜದ ಧರ್ಮಶಾಲೆ ನಡೆಸುವ ಬಂಧುಗಳಿಗೂ ಒಂದು ವಿನಂತಿ: ಪ್ರತಿ ಕೋಣೆಯ ಬಾಗಿಲ ಹಿಂದೆ ವಸ್ತುಗಳ ಪಟ್ಟಿ ಹಚ್ಚಿ, ಯಾತ್ರಿಕರು ಬಂದಾಗಲೊಮ್ಮೆ ಹೋಗುವಾಗಲೊಮ್ಮೆ ಅವರ ಎದುರು ಎಣಿಸಿರಿ. ಎರಡು ನಿಮಿಷದ ಕೆಲಸ, ಯಾರ ಮನಸ್ಸೂ ನೋಯುವುದಿಲ್ಲ.

ಒಯ್ದದ್ದಿದ್ದರೆ ಕೊಡೋಣ, ಒಯ್ಯದಿದ್ದರೆ ಲೆಕ್ಕ ಕೇಳೋಣ. ಈ ರಜೆಗೆ ಹೊರಡುವ ಮನೆಯವರು ಟಿಕೀಟು, ಔಷಧಿ, ಖಾಕರಾ ಕಟ್ಟಿಕೊಳ್ಳುವಾಗ ಮೇಲಿನ ಒಕ್ಕಣೆಯನ್ನೂ ಒಂದು ಚೀಟಿಯಲ್ಲಿ ಬರೆದು ಜೊತೆಗಿಟ್ಟುಕೊಳ್ಳಿರಿ. ನಿಮ್ಮ ಪ್ರಯಾಣ ಸುಖಕರವಾಗಲಿ.